ಎರಡೂ ಮಗ್ಗುಲಿಗೆ

ಫ್ರಿಜ್ಜಿನಿಂದ ತೆಗೆದ ಎರಡು ಸಿರಿಂಜುಗಳನ್ನು
ಡೂಲ್ಸೆ ಅಂಗೈ ನಡುವೆ ಉರುಳಿಸುತ್ತಾಳೆ,
ಚಳಿಗೆ ಕೈ ಉಜ್ಜಿಕೊಳ್ಳುವವರ ಹಾಗೆ.
ತಣ್ಣಗಿದ್ದರೆ ಇಳಿಯೋದಿಲ್ಲ ಇದು, ಇದಾಲಿನಾ,
ಹಟ ಮಾಡುತ್ತೆ.

ಏನಿದೆ ಇದರಲ್ಲಿ ಅಂತ ಮೊದಲ ತಿಂಗಳೇ ಕೇಳಿದ್ದೆ.
ಮದ್ದಿನ ಹೆಸರು ನನ್ನ ನಾಲಿಗೆಗೆ ಹೊರಳಲಿಲ್ಲ.
ಕರಗಿಸಿದ್ದು ಯಾವುದರಲ್ಲಿ ಅಂದರೆ
ಹರಳೆಣ್ಣೆಯಲ್ಲಿ, ಅಂದಳು.
ನಕ್ಕೆ, ಮಂಚ ಅಲುಗುವಷ್ಟು.

ಹರಳೆಣ್ಣೆ! ಅಮ್ಮ ಮೂಗು ಹಿಡಿದು
ಶನಿವಾರ ಶನಿವಾರ ಚಮಚದಲ್ಲಿ ಹುಯ್ದದ್ದು.
ಮತೊಸಿನ್ಯುಸಿನ ರೈಲು ಹಳಿಯ ಪಕ್ಕ
ಯಾರೂ ನೆಡದೆ ಬೆಳೆಯುವ ಕೆಂಪು ದಂಟಿನ ಗಿಡ,
ಮುಳ್ಳು ಕಾಯಿ, ಉಣ್ಣಿಹುಳದಂಥ ಬೀಜ.
ಮುಟ್ಟಬೇಡ, ವಿಷ, ಅನ್ನುತ್ತಿದ್ದವಳೂ
ಅದೇ ಅಮ್ಮ.

ಮೂವತ್ತೊಂದು ವರ್ಷ ಮೀನು ಡಬ್ಬಿಯ ಕಾರ್ಖಾನೆಯಲ್ಲಿ ನಿಂತವಳು ನಾನು.
ರಾತ್ರಿ ಎರಡಾಗಲಿ ಮೂರಾಗಲಿ, ದೋಣಿ ಬಂತೆಂದರೆ ಸೈರನ್ನು.
ನಮ್ಮದರ ಕೂಗು ಬೇರೆ, ಪಕ್ಕದವರದು ಬೇರೆ;
ನಿದ್ದೆಗಣ್ಣಲ್ಲೂ ನಮ್ಮದನ್ನು ಗುರುತು ಹಿಡಿದು
ಏಪ್ರನ್ನು ಕಟ್ಟಿಕೊಳ್ಳುತ್ತ ಇಳಿಜಾರು ಓಡುತ್ತಿದ್ದೆವು.
ತಲೆ ಚಿವುಟು, ಕರುಳು ಎಳೆ,
ಒಂದರ ಬಾಲ ಈ ಕಡೆ, ಒಂದರದು ಆ ಕಡೆ,
ಮೇಲೆ ಎಣ್ಣೆ.
ಎಷ್ಟು ಬೆಚ್ಚಗಾದರೆ ಎಷ್ಟು ಬೇಗ ಇಳಿಯುತ್ತದೆಂದು
ನನಗೆ ಹೇಳಿಕೊಡಬೇಕೆ ಡೂಲ್ಸೆ?
ಅನ್ನಲಿಲ್ಲ. ಅವಳ ಅಂಗೈಗಳನ್ನು ನೋಡುತ್ತಿದ್ದೆ.

ಎಡ ಕುಂಡೆ ಮೊದಲು.
ನೂರರವರೆಗೆ ಎಣಿಸುತ್ತಾಳೆ, ಬಾಯೊಳಗೇ.
ಅವಸರ ಮಾಡಿದರೆ ಗಂಟು ಕಟ್ಟುತ್ತೆ.
ನಲವತ್ತರ ಹೊತ್ತಿಗೆ ಕಾಲು ಜೋಮು.
ಅರವತ್ತಕ್ಕೆ, ಒಲೆ ಆರಿಸಿದೆನೋ ಇಲ್ಲವೋ?
ಎಂಬತ್ತಕ್ಕೆ ಏನೂ ಇಲ್ಲ. ಗೋಡೆಯ ಕ್ಯಾಲೆಂಡರು,
ಅದರಲ್ಲಿ ಯಾವುದೋ ದೇಶದ ಹಿಮದ ಬೆಟ್ಟ.
ಆಮೇಲೆ ಬಲ.

ಡಾಕ್ಟರು ಚಿತ್ರ ಬರೆದು ತೋರಿಸಿದ್ದರು:
ಇದು ಬೀಗ. ನಿಮ್ಮ ಮೈಯ ರಸವೇ ಕೀಲಿ.
ತೆರೆದಾಗೆಲ್ಲ ಅದಕ್ಕೆ ಊಟ.
ಈ ಮದ್ದು ಬೀಗದೊಳಗೆ ಹೋಗಿ ಕೂತು
ಬೀಗವನ್ನೇ ಇಲ್ಲವಾಗಿಸುತ್ತೆ.
ಮಿಕ್ಕದ್ದನ್ನು ಮುಟ್ಟೋದಿಲ್ಲವೇ?
ಆದಷ್ಟು ಮಟ್ಟಿಗೆ, ಅಂದರು, ಪೆನ್ನಿಗೆ ಮುಚ್ಚಳ ಹಾಕುತ್ತ.
ಎದೆಯಿಂದ ಹೊರಟದ್ದು ಸೊಂಟದ ಮೂಳೆಗೆ ಬಂದಿದೆ,
ಎರಡು ಪಕ್ಕೆಲುಬಿಗೂ.
ಹೋಗೋದಿಲ್ಲ. ನಿಲ್ಲಬಹುದು.
ನಿಲ್ಲೋದು ಅಂದರೆ, ಎಷ್ಟು ದಿನ?
ಅವರು ಕಿಟಕಿ ನೋಡಿದರು.

ಮುಚ್ಚಳದ ಮೇಲೆ ತಾರೀಖು ಒತ್ತುವ ಯಂತ್ರದ ಮುಂದೆ
ಕೊನೆಯ ಆರು ವರ್ಷ ಕೂತಿದ್ದೆ, ಬೆನ್ನು ಹೋದ ಮೇಲೆ.
ಇಂಥ ತಿಂಗಳು, ಇಂಥ ವರ್ಷದೊಳಗೆ ತಿನ್ನಿ.
ಬಲ್ಲವರು ಯಾರೂ ಅದನ್ನು ನಂಬುತ್ತಿರಲಿಲ್ಲ.
ನಮ್ಮ ಮೇಸ್ತ್ರಿ ಫಿರ್ಮಿನಾ, ಬಲು ಜೋರು ಬಾಯಿ,
ಕಪಾಟಿನ ತುಂಬ ಹಳೆಯ ಡಬ್ಬಿ ಇಟ್ಟು
ಆರು ತಿಂಗಳಿಗೊಮ್ಮೆ ಒಂದೊಂದನ್ನೇ ತಿರುವಿ ಹಾಕುತ್ತಿದ್ದಳು,
ಎಣ್ಣೆ ಎರಡೂ ಮಗ್ಗುಲಿಗೆ ಹತ್ತಬೇಕು ಕಣ್ರೇ, ಎಂದು.
ಒಂಬತ್ತು ವರ್ಷದ್ದೊಂದನ್ನು ನನ್ನ ಮದುವೆಗೆ ತೆರೆದಳು.
ಮುಳ್ಳು ಕೂಡ ಬೆಣ್ಣೆ.

ಆಯಿತು, ಅಂತಾಳೆ ಡೂಲ್ಸೆ, ಹತ್ತಿ ಒತ್ತಿ.
ಮುಂದಿನದು ಹದಿನಾಲ್ಕಕ್ಕೆ, ಗುರುವಾರ.
ಮೆಟ್ರೋದಲ್ಲಿ ಹುಡುಗನೊಬ್ಬ ಎದ್ದು ಜಾಗ ಕೊಡುತ್ತಾನೆ.
ಬೇಡ ಮಗಾ, ನಿಂತೇ ಇರುತ್ತೇನೆ.
ಯಾಕೆ ಅಂತ ಹೇಗೆ ಹೇಳಲಿ ಅವನಿಗೆ?
ಕಿಟಕಿಯಾಚೆ ಆ ಕೆಂಪು ದಂಟಿನ ಗಿಡ,
ಬೇಸಿಗೆಯಲ್ಲಿ ಯಾರೋ ಬುಡಕ್ಕೇ ಸವರಿದ್ದರು,
ಮತ್ತೆ ಮೊಣಕಾಲೆತ್ತರ.

ರಾತ್ರಿ ಎಡಕ್ಕೆ ಮಲಗಿದರೆ ಎಡ ನೋವು, ಬಲಕ್ಕೆ ಬಲ.
ಗಂಟೆಗೊಮ್ಮೆ ಎಚ್ಚರಾಗಿ
ಕತ್ತಲಲ್ಲಿ, ಮೆಲ್ಲಗೆ,
ನನ್ನನ್ನು ನಾನೇ ತಿರುವಿ ಹಾಕಿಕೊಳ್ಳುತ್ತೇನೆ.